ಯೆರವಡಾದ ಶೆಡ್ಡಿನಲ್ಲೊಂದು ಅಳಿವೆ

ಬೆಳಗಿನ ಹೊತ್ತು ಪುಣೆಯ ಸ್ವಾರಗೇಟದ ಬಸ್ ಸ್ಟ್ಯಾಂಡಿನಿಂದ ಒಂದು ಕೂಗು ಏಳುತ್ತದೆ. "ಇಂದಾಪೂರ್, ಇಂದಾಪೂರ್, ಇಂದಾಪೂರ್!" ಮೊದಲನೆಯದನ್ನು ಕಂಡಕ್ಟರ್ ಎಳೆದು ಹೇಳುತ್ತಾನೆ, ಎರಡನೆಯದಕ್ಕೆ ಅವಸರ ಸೇರುತ್ತದೆ, ಮೂರನೆಯದು ಬಸ್ಸಿನ ಸದ್ದಿನೊಳಗೆ ಅರ್ಧ ಮುಳುಗಿಹೋಗುತ್ತದೆ. ರಸ್ತೆಯ ಈಚೆ ಕಾಂತಪ್ಪನವರ ಹೋಟೆಲು, ಹೋಟೆಲಿನ ಮೇಲೆ ಅವರ ಮನೆ. ಆ ಮನೆಯ ಮುಂದಿನ ಕೋಣೆಯಲ್ಲಿ ಮಲಗುವ ಹರಿಣಾಕ್ಷಿ ಚಿಕ್ಕಂದಿನಿಂದ ಈ ಕೂಗಿಗೇ ಎದ್ದವಳು. ಒಮ್ಮೆಯೂ ಇಂದಾಪುರಕ್ಕೆ ಹೋದವಳಲ್ಲ.

ಅವಳು ಸ್ನಾನ ಮುಗಿಸಿ ಕೆಳಗಿಳಿಯುವ ಹೊತ್ತಿಗೆ ಹೋಟೆಲಿನಲ್ಲಿ ಮೊದಲ ಇಡ್ಲಿಯ ಹಬೆ ಎದ್ದಿರುತ್ತದೆ. ನಿಂತುಕೊಂಡೇ ಎರಡು ಇಡ್ಲಿ ತಿಂದು, ಡಬ್ಬಿ ಹಿಡಿದು ಯೆರವಡಾದ ಬಸ್ಸು ಹತ್ತುತ್ತಾಳೆ. ಮಗಳಿಗೆ ಏನು ಕೆಲಸ ಎಂದು ಗಿರಾಕಿಗಳು ಕೇಳಿದರೆ ಗಲ್ಲಾದ ಹಿಂದೆ ಕೂತ ಕಾಂತಪ್ಪನವರದು ಒಂದೇ ಉತ್ತರ. "ನಾನು ಸಮುದ್ರ ಬಿಟ್ಟು ಈ ಊರಿಗೆ ಬಂದೆ. ನನ್ನ ಮಗಳು ಈ ಊರಲ್ಲೇ ಕೂತು ಸಮುದ್ರ ತಯಾರು ಮಾಡ್ತಾಳೆ."

ಮಾತು ಪೂರ್ತಿ ಸುಳ್ಳಲ್ಲ. ಯೆರವಡಾದ ಒಂದು ಹಳೆಯ ಕಾರ್ಖಾನೆಯ ಶೆಡ್ಡಿನಲ್ಲಿ ಅವಳು ಕೆಲಸ ಮಾಡುವ ಖಾಸಗಿ ಪ್ರಯೋಗಾಲಯವಿದೆ. ನದಿಗೆ ಸೇತುವೆ ಕಟ್ಟುವವರು, ಬಂದರು ಮಾಡುವವರು ಮೊದಲು ಇಲ್ಲಿಗೆ ಬರುತ್ತಾರೆ. ಇಲ್ಲಿ ಆ ನದಿಯನ್ನು ಸಣ್ಣದಾಗಿ ಮಾಡಿ, ನೀರು ಬಿಟ್ಟು, ಏನಾಗುತ್ತದೆಂದು ನೋಡುತ್ತಾರೆ. ಕಳೆದ ವರ್ಷ ಆ ಶೆಡ್ಡಿನ ನೆಲದ ಮೇಲೆ ಉಡುಪಿ ಕಡೆಯ ಬಡಕೋಡಿ ಹೊಳೆ ಬಂದು ಮಲಗಿತು. ಸಿಮೆಂಟಿನ ದಂಡೆ, ಸಣ್ಣ ಮರಳಿನ ತಳ, ಒಂದು ತುದಿಯಲ್ಲಿ ಹೊಳೆಯ ನೀರು ಬರುವ ಕೊಳವೆ, ಇನ್ನೊಂದು ತುದಿಯಲ್ಲಿ ಸಮುದ್ರ. ಸಮುದ್ರವೆಂದರೆ ಒಂದು ತೊಟ್ಟಿ, ಅದಕ್ಕೊಂದು ಮೇಲೆ ಕೆಳಗೆ ಆಡುವ ಕಬ್ಬಿಣದ ಬಾಗಿಲು. ಬಾಗಿಲು ಆಡಿದಂತೆ, ಹೊಳೆ ಸಮುದ್ರ ಸೇರುವ ಅಳಿವೆಯೊಳಗೆ ನೀರು ಏರುತ್ತದೆ, ಇಳಿಯುತ್ತದೆ. ಊರಿನಲ್ಲಿ ಅರ್ಧ ದಿನ ಹಿಡಿಯುವ ಭರತ ಇಳಿತ, ಅಂದರೆ ಉಬ್ಬರ ಇಳಿತ, ಇಲ್ಲಿ ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ.

ಬಡಕೋಡಿ ಕಾಂತಪ್ಪನವರ ಹುಟ್ಟೂರು. ಆ ಕೆಲಸ ಬಂದಾಗ ಪ್ರಯೋಗಾಲಯದ ಮುಖ್ಯಸ್ಥ ಈರಬಸಪ್ಪನವರು ಅದನ್ನು ಹರಿಣಾಕ್ಷಿಗೇ ಕೊಟ್ಟರು. ವಿಜಯಪುರ ಕಡೆಯವರು, ಪುಣೆಗೆ ಬಂದು ತಲೆ ನೆರೆದವರು. "ತಂಗಿ, ನಿಮ್ಮ ಕಡೀ ದೋಣಿಯವರ ಕನ್ನಡ ನನಗ ತಿಳಿಯೂದಿಲ್ಲ. ನಾ ಏನರ ಕೇಳಿದ್ರ ಅವ್ರು ನಗ್ತಾರ. ನೀನ ನೋಡಕೋ," ಎಂದಿದ್ದರು.

ಪ್ರಶ್ನೆ ಸರಳವಾಗಿತ್ತು, ಉತ್ತರ ಮಾತ್ರ ಅಲ್ಲ. ಅಳಿವೆಯ ಬಾಯಿಗೆ ಸರ್ಕಾರ ಕಲ್ಲಿನ ತಡೆಗೋಡೆ ಹಾಕಲಿದೆ. ಜೊತೆಗೆ ದೋಣಿ ನಿಲ್ಲಲು ಒಂದು ಜೆಟ್ಟಿ. ಜೆಟ್ಟಿಗೆ ಎರಡು ಜಾಗ ಗುರುತಾಗಿದ್ದವು. ಒಂದು, ಹೊಳೆ ತಿರುಗುವ ಒಳಬಾಗಿನಲ್ಲಿ, ಶಾಲೆ ಮತ್ತು ಸಂತೆಯ ಪಕ್ಕ. ಇನ್ನೊಂದು, ಹೊರಗೆ ಸಮುದ್ರದ ಹತ್ತಿರ. ಅಲ್ಲಿಳಿದರೆ ಮಕ್ಕಳು ಮೀನಿನ ಬುಟ್ಟಿಯವರೊಂದಿಗೆ ಕಾದ ಮರಳಿನಲ್ಲಿ ಬಹಳ ದೂರ ನಡೆಯಬೇಕು. ಊರಿಗೆಲ್ಲ ಒಳಬಾಗೇ ಬೇಕು. ಆದರೆ ಗೋಡೆ ಎದ್ದ ಮೇಲೆ ತಳದ ಮರಳು ಒಳಬಾಗಿಗೆ ಸರಿದು ಬಂದರೆ ಜೆಟ್ಟಿಯ ಕಂಬಗಳು ದಿಬ್ಬದ ಮೇಲೆ ನಿಲ್ಲುತ್ತವೆ, ದೋಣಿ ಹತ್ತಿರ ಬರಲಾಗದು. ಎಷ್ಟು ಮರಳು, ಯಾವ ದಿಕ್ಕಿಗೆ, ಒಂದು ಮಳೆಗಾಲಕ್ಕೆ ಎಷ್ಟು ಲಾರಿ: ಇದರ ಅಂದಾಜು ಹರಿಣಾಕ್ಷಿ ಕೊಡಬೇಕು.

ಊರಿನಲ್ಲಿ ದೋಣಿಯಿಂದ ಜನರನ್ನು ಹೊಳೆ ದಾಟಿಸುವವನು ಪೃಥ್ವಿರಾಜ್, ಅವಳ ಸೋದರತ್ತೆಯ ಮಗ. ಸಂಬಂಧದಲ್ಲಿ ಭಾವ, ಹಾಗಾಗಿ ಕೀಟಲೆಗೆ ಮಿತಿಯಿಲ್ಲ. ವಾರಕ್ಕೊಮ್ಮೆ ಅವನ ಫೋನು ಬರುತ್ತಿತ್ತು.

"ಎಂತ ಹರಿಣಿ, ನಿನ್ನ ಹೊಂಡದಲ್ಲಿ ಇವತ್ತು ಇಳಿತವಾ ಭರತವಾ?"

"ಊಟದ ಹೊತ್ತಿಗಿಂತ ಮುಂಚೆ ಹತ್ತು ಸಲ ಎರಡೂ ಆಯ್ತು ಭಾವ."

"ಅಬ್ಬಾ! ನಮಗೆ ಇಲ್ಲಿ ಒಂದು ಭರತ ಕಾಯುವುದರಲ್ಲಿ ಸೊಂಟ ಹೋಗ್ತದೆ. ಜೆಟ್ಟಿ ಎಲ್ಲಿ ಅಂತ ಹೇಳಿ ಬಿಡು ಮಾರಾಯ್ತಿ, ನನ್ನ ಅಮ್ಮ ದೇವರ ಹತ್ತಿರ ಕೇಳುವುದು ನಿಲ್ಲಿಸಿ ನಿನ್ನ ಹತ್ತಿರ ಕೇಳ್ತಾ ಇದ್ದಾರೆ."

"ದಿನಾ ಹೊಳೆಯಲ್ಲಿ ಇರುವವನು ನೀನು. ನಿನಗೆ ಗೊತ್ತಿಲ್ಲವಾ?"

"ಇವತ್ತಿನ ಹೊಳೆ ನನಗೆ ಗೊತ್ತುಂಟು. ಕಲ್ಲು ಹಾಕಿದ ಮೇಲಿನ ಹೊಳೆಯನ್ನು ನಾನೂ ನೋಡಿಲ್ಲ, ನನ್ನ ಅಜ್ಜನೂ ನೋಡಿಲ್ಲ. ಅದನ್ನು ನೀನೇ ನೋಡಿ ಹೇಳಬೇಕು."

ತಳದಲ್ಲಿ ಸರಿಯುವ ಮರಳಿನ ಜಾಡು ಹಿಡಿಯಲು ಅವಳು ಒಂದಿಷ್ಟು ಮರಳಿಗೆ ಬಣ್ಣ ಹಾಕಿಸಿದಳು. ಹಗಲಿನಲ್ಲಿ ಕೇಸರಿ, ಕತ್ತಲಲ್ಲಿ ನೀಲಿ ದೀಪ ಹಿಡಿದರೆ ಕೆಂಡದಂತೆ ಹೊಳೆಯುವ ಬಣ್ಣ. ಅದನ್ನು ಅಳಿವೆಯ ಬಾಯಲ್ಲಿ ಒಂದು ಕಡೆ ಸುರಿದು, ಹಲವು ಮಳೆಗಾಲಗಳಷ್ಟು ನೀರು ಬಿಟ್ಟು, ಆಮೇಲೆ ಬಣ್ಣದ ಕಾಳುಗಳು ಎಲ್ಲೆಲ್ಲಿ ಹೋಗಿವೆ ಎಂದು ಹುಡುಕುವುದು. ಕಾಳು ಎಲ್ಲಿದೆಯೋ ಮರಳು ಅತ್ತ ನಡೆದಿದೆ ಎಂದರ್ಥ.

ಪ್ರಯೋಗ ಶುರುವಾಗುವ ಮುನ್ನಾದಿನ ಬಂದರು ಇಲಾಖೆಯ ಅಧಿಕಾರಿಗಳು ಮಾದರಿಯನ್ನು ನೋಡಲು ಬಂದರು. ಶೆಡ್ಡಿನ ಬಾಗಿಲಲ್ಲಿ ದೊಡ್ಡದೊಂದು ರಂಗೋಲಿ ಇತ್ತು, ನಡುವೆ ಕಮಲ, ಎರಡೂ ಕಡೆ ಒಂದೊಂದು ನವಿಲು. ಈರಬಸಪ್ಪನವರು ತೆಂಗಿನಕಾಯಿ ಒಡೆದರು. ಆ ಶೆಡ್ಡಿನಲ್ಲಿ ಒಂದು ರೂಢಿಯಿದೆ. ಸಿಮೆಂಟಿನದಾದರೂ ಹೊಳೆ ಹೊಳೆಯೇ, ಅದರೊಳಗೆ ಚಪ್ಪಲಿ ಹಾಕಿಕೊಂಡು ಇಳಿಯುವಂತಿಲ್ಲ. ಮೊದಲು ಮರಳಿನ ತಳ ಹಾಳಾಗದಿರಲಿ ಎಂದು ಶುರುವಾದದ್ದು, ಈಗ ಮಡಿಯಾಗಿದೆ. ಅಧಿಕಾರಿಗಳು ಬೂಟು ಬಿಚ್ಚಿ, ಬಾಗಿಲ ಬಳಿಯ ನಲ್ಲಿಯಲ್ಲಿ ಕಾಲು ತೊಳೆದು, ಪ್ಯಾಂಟು ಮಡಿಸಿ, ಒಣ ಹೊಳೆಯಲ್ಲಿ ಓಡಾಡಿದರು. ಫೋಟೋ ತೆಗೆಸಿಕೊಂಡರು. ಸಂತೋಷದಿಂದ ಹೋದರು.

ಪ್ರಯೋಗ ಮುಗಿದು ನೀರು ಬಸಿದಾಗ, ಕೇಸರಿ ಕಾಳುಗಳು ಸಿಕ್ಕವು. ಬಾಯಲ್ಲಿ ಬೇಕಾದಷ್ಟು, ಸಮುದ್ರದ ಕಡೆಗೆ ಒಂದಿಷ್ಟು. ಮತ್ತೆ ಒಳಬಾಗಿನಲ್ಲಿ, ಜೆಟ್ಟಿಗೆ ಗುರುತು ಮಾಡಿದ ಜಾಗದಲ್ಲೇ, ಒಂದು ರಾಶಿ.

ಹರಿಣಾಕ್ಷಿ ಬಹಳ ಹೊತ್ತು ಹೊಳೆಯೊಳಗೆ ಮಂಡಿಯೂರಿ ಕೂತಿದ್ದಳು. ಮರಳು ಹೊಳೆಯ ವಿರುದ್ಧ ನಡೆದಿತ್ತು. ಅದು ಆಗದ ಮಾತಲ್ಲ. ಭರತದ ಸೆಳೆತ ಜೋರಾಗಿರುವ ಅಳಿವೆಗಳಲ್ಲಿ ಹಾಗೆ ಆಗುತ್ತದೆಂದು ಅವಳು ಓದಿದ್ದಳು. ಈರಬಸಪ್ಪನವರಂತೂ ಹಿಗ್ಗಿದರು. "ಇಷ್ಟು ಸಣ್ಣ ಹೊಳಿಯಾಗ ಇಷ್ಟು ದೂರ ಹಿಂದಕ್ಕ ಬಂದದ್ದು ನಾ ಕಂಡಿಲ್ಲವ್ವಾ! ಗೋವಾದಾಗ ಸಮ್ಮೇಳನ ಅದ. ಹೋಗಿ ಮಾತಾಡು. ನಿನ್ನ ಹೆಸರಿನಾಗ."

ಅವಳ ಹೆಸರಿನಲ್ಲಿ ಇದುವರೆಗೆ ಏನೂ ಅಚ್ಚಾಗಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಅವಳಿಗೆ ಖುಷಿಯಾಯಿತು, ಸೇತುವೆ ದಾಟುವಾಗ ಆ ಖುಷಿಗೆ ನಾಚಿಕೆಯಾಯಿತು. ಹೋಟೆಲಿಗೆ ಬಂದು ಅಪ್ಪನಿಗೆ ಹೇಳಿದಳು. ಕಾಂತಪ್ಪನವರು ಚಿಲ್ಲರೆ ಕೊಡುವುದನ್ನು ನಿಲ್ಲಿಸಿದರು.

"ಹಾಗಾದರೆ ಜೆಟ್ಟಿ ಹೊರಗೆ?"

"ಹೌದು ಅಪ್ಪ."

"ಊರಲ್ಲಿ ಅಕ್ಕನಿಗೆ ಆ ಹೊಯ್ಗೆಯಲ್ಲಿ, ಆ ಮರಳಿನಲ್ಲಿ ನಡೆಯಲಿಕ್ಕೆ ಆಗುವುದಿಲ್ಲ," ಎಂದರು. ಚಿಲ್ಲರೆ ಎಣಿಸಿ ಕೊಟ್ಟು, "ಇರಲಿ. ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ. ಪೃಥ್ವಿಗೆ ನೀನೇ ಹೇಳು, ನಾನು ಹೇಳಿದರೆ ನನಗೆ ಬೈತಾನೆ."

ಪೃಥ್ವಿರಾಜ್ ಬೈಯಲಿಲ್ಲ. "ಆಯ್ತು. ಹೊಯ್ಗೆಯಲ್ಲಿ ಮುಳುಗುವ ಜೆಟ್ಟಿಗಿಂತ ದೂರದ ಜೆಟ್ಟಿ ವಾಸಿ," ಎಂದ. ಆಮೇಲೆ ಒಂದೂ ತಮಾಷೆ ಮಾಡದೆ ಫೋನ್ ಇಟ್ಟ. ಅವಳಿಗೆ ಬೈಗುಳವೇ ವಾಸಿಯಿತ್ತು ಎನಿಸಿತು.

ವರದಿ ಬರೆದಾಯಿತು. ಇಲಾಖೆಗೆ ಕಳಿಸುವ ಮುಂಚೆ, ಸಮ್ಮೇಳನಕ್ಕೆಂದು ಒಳಬಾಗಿನ ಕಾಳುಗಳ ಒಂದು ಒಳ್ಳೆಯ ಫೋಟೋ ಬೇಕಿತ್ತು. ಒಂದು ಮಧ್ಯಾಹ್ನ ಊಟವಾದ ಮೇಲೆ ಅವಳು ಶೆಡ್ಡಿನ ಕಿಟಕಿಗಳಿಗೆ ತಾಡಪತ್ರಿ ಇಳಿಬಿಟ್ಟು ಕತ್ತಲು ಮಾಡಿ, ಬ್ಯಾಟರಿಯ ನೀಲಿ ದೀಪ ಹಿಡಿದು, ಬರಿಗಾಲಲ್ಲಿ ಹೊಳೆಗಿಳಿದಳು. ಇದುವರೆಗೆ ಆ ದೀಪವನ್ನು ಅವಳು ಹೊಳೆಯೊಳಗೆ ಮಾತ್ರ ಹಿಡಿದಿದ್ದಳು. ಅವತ್ತು ಕ್ಯಾಮೆರಾದ ಸ್ಟ್ಯಾಂಡು ತರಲೆಂದು ಅದನ್ನು ಆರಿಸದೆಯೇ ದಂಡೆ ಹತ್ತಿದಳು.

ದಂಡೆಯ ಮೇಲೆ ಒಂದು ಹೆಜ್ಜೆ ಹೊಳೆಯುತ್ತಿತ್ತು.

ಅವಳು ದೀಪವನ್ನು ಮುಂದಕ್ಕೆ ಹಿಡಿದಳು. ಇನ್ನೊಂದು ಹೆಜ್ಜೆ, ಅದರ ಪಕ್ಕ ಮತ್ತೊಂದು. ಅಗಲ ಪಾದ, ಸಣ್ಣ ಪಾದ, ಹೆಬ್ಬೆರಳು ಹೊರಕ್ಕೆ ತಿರುಗಿದ ಪಾದ. ಸಿಮೆಂಟಿನ ಒರಟು ರಂಧ್ರಗಳಲ್ಲಿ ಕೂತ ಕಾಳುಗಳು ಒಂದೊಂದಾಗಿ ಕೆಂಡ ಕಾರುತ್ತ, ಸಾಲುಸಾಲಾಗಿ ನಡೆದು ಬಾಗಿಲಿಗೆ ಹೋಗಿದ್ದವು. ಅವಳೂ ಅವುಗಳ ಹಿಂದೆ ಹೋದಳು. ಬಾಗಿಲಲ್ಲಿ, ಎಂದೋ ಗುಡಿಸಿ ತೊಳೆದು ಹಾಕಿದ ನೆಲದ ಮೇಲೆ, ಕಮಲವೊಂದು ಅರಳಿ ನಿಂತಿತ್ತು. ಅದರ ಎರಡೂ ಕಡೆ ಒಂದೊಂದು ನವಿಲು, ಗರಿಯ ಕಣ್ಣುಗಳ ಸಮೇತ.

ಹರಿಣಾಕ್ಷಿ ಅಲ್ಲೇ ನಗಲು ಶುರುಮಾಡಿದಳು. ನಗು ನಿಲ್ಲದೆ ಬಾಗಿಲಿಗೆ ಒರಗಿದಳು.

ರಂಗೋಲಿ ಹಾಕಿದ್ದು ಶರಣಮ್ಮ. ಮಾದರಿಯ ಮರಳನ್ನು ಹಲಗೆಯಿಂದ ಸಮ ಮಾಡುವ ಕೆಲಸ ಅವಳದು, ಕಲಬುರಗಿ ಕಡೆಯವಳು, ಯೆರವಡಾದಲ್ಲೇ ಮನೆ. ನಗು ಕೇಳಿ ಹೊರಗಿನಿಂದ ಓಡಿಬಂದಳು.

"ಏನಾತ್ರಿ ಬಾಯಾರ? ಕತ್ತಲ್ಯಾಗ ಒಬ್ರ ನಗಾಕತ್ತೀರಿ?"

"ಒಳಗೆ ಬಾ ಶರಣಮ್ಮ. ಬಾಗಿಲು ಹಾಕು. ನೋಡು."

ಶರಣಮ್ಮ ನೋಡಿದಳು. ಕೆನ್ನೆಯ ಮೇಲೆ ಕೈ ಇಟ್ಟುಕೊಂಡಳು. "ಯವ್ವಾ! ನನ್ನ ನವಿಲs! ಎಷ್ಟ ಚಂದ ಕಾಣಾಕತ್ಯಾವ್ರಿ!"

"ಚಂದವೇನೋ ಹೌದು. ಬಣ್ಣ ಎಲ್ಲಿಂದ ತಂದಿದ್ದೆ?"

"ನಂದು ಕೇಸರಿ ತೀರಿತ್ರಿ. ಸ್ಟೋರಿನ್ಯಾಗ ಒಂದು ಚೀಲ ಇತ್ತು. ಬೆರಳಾಗ ಹಿಡದ್ರ ಎಂಥಾ ಸಣ್ಣ ಉಸುಕು, ಎಂಥಾ ಬಣ್ಣ! ಸಾಹೇಬ್ರು ಬರ್ತಾರಂತ ಆಫೀಸಿನವ್ರ ತರಿಸ್ಯಾರ, ಅಂದ್ಕೊಂಡೆ." ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು. ಬಾಗಿಲಿನಿಂದ ಹೊಳೆಯ ಬಾಗಿನವರೆಗೆ ಸಾಲಾಗಿ ಹೊಳೆಯುವ ಹೆಜ್ಜೆಗಳು ಈಗ ಅವಳಿಗೂ ಕಂಡಿದ್ದವು. "ಬಾಯಾರ... ಅದು ನಿಮ್ಮ ಹೊಳ್ಯಾಗ ಹಾಕೂದೇನ್ರಿ?"

"ಹ್ಞೂಂ."

"ಕಾಲು ತೊಳಕೊಂಡು ಹಸಿ ಕಾಲಾಗ ತುಳದ್ರು, ಹಂಗs ಒಳಗ ಹೋದ್ರು..."

"ಒಳಗೆ ಹೋಗಿ ಎಲ್ಲರೂ ಎಲ್ಲಿ ನಿಂತರು ಹೇಳು?"

"ಜೆಟ್ಟಿ ಜಾಗಾದಾಗ, ಫೋಟೋ ತಗಸಾಕ." ಶರಣಮ್ಮ ನೆಲಕ್ಕೇ ಕೂತುಬಿಟ್ಟಳು. "ಸಾಹೇಬ್ರಿಗೆ ಹೇಳಬ್ಯಾಡ್ರಿ. ನನ್ನ ಕೆಲಸ ಹೋಗ್ತದ."

ಹರಿಣಾಕ್ಷಿ ಅವಳ ಪಕ್ಕ ಕೂತಳು. ಹೇಳದೆ ಇರುವ ದಾರಿಯೂ ಇತ್ತು. ವರದಿ ಸಿದ್ಧವಾಗಿತ್ತು, ಈರಬಸಪ್ಪನವರು ಸಹಿ ಮಾಡುವುದಷ್ಟೇ ಬಾಕಿ. ಗೋವಾ ಕಾದಿತ್ತು. ಇನ್ನೊಂದು ದಾರಿಯೂ ಇತ್ತು, ಅದು ಇನ್ನೂ ಸುಲಭದ್ದು: ಒಳಬಾಗಿನ ಕಾಳುಗಳೆಲ್ಲ ರಂಗೋಲಿಯವು ಎಂದು ಅಳಿಸಿ, ಜೆಟ್ಟಿ ಒಳಗೇ ಇರಲಿ ಎಂದು ಬರೆದುಬಿಡುವುದು. ಅತ್ತೆ ಹರಸುತ್ತಿದ್ದರು, ಭಾವ ಮತ್ತೆ ಕೀಟಲೆ ಮಾಡುತ್ತಿದ್ದ. ಆದರೆ ಎಲ್ಲವೂ ರಂಗೋಲಿಯದೇ ಎಂದು ಹೇಳುವವರು ಯಾರು? ಒಂದೇ ಚೀಲದ ಮರಳು. ಯಾವ ಕಾಳು ನೀರಿನ ಜೊತೆ ಬಂತು, ಯಾವುದು ಅಧಿಕಾರಿಯ ಹಿಮ್ಮಡಿಯ ಜೊತೆ ಬಂತು ಎಂದು ಕಾಳು ಹೇಳುವುದಿಲ್ಲ. ಇಡೀ ಪ್ರಯೋಗವನ್ನು ಮೊದಲಿನಿಂದ ಮಾಡಬೇಕು, ಬೇರೆ ಬಣ್ಣದಲ್ಲಿ.

"ಚೀಲದ ಮೇಲೆ ಏನೂ ಬರೆಯದೆ ಇಟ್ಟವಳು ನಾನು," ಎಂದಳು. "ಅದನ್ನೂ ಹೇಳ್ತೇನೆ. ಏಳು."

ಈರಬಸಪ್ಪನವರು ಬಂದು, ಕನ್ನಡಕ ಒರೆಸಿಕೊಂಡು, ನವಿಲುಗಳನ್ನು ನೋಡಿದರು. ಹೆಜ್ಜೆಗಳ ಗುಂಟ ಹೊಳೆಯವರೆಗೆ ನಡೆದರು. ಒಂದು ಕಡೆ ನಿಂತು, ತಮ್ಮ ಚಪ್ಪಲಿ ಬಿಟ್ಟು, ಹೊಳೆಯುವ ಒಂದು ಹೆಜ್ಜೆಯ ಮೇಲೆ ಪಾದ ಇಟ್ಟರು. ನಡುವೆ ಕಮಾನೇ ಇಲ್ಲದ ಚಪ್ಪಟೆ ಹೆಜ್ಜೆ. ಸರಿಯಾಗಿ ಕೂತಿತು.

"ಇದು ನಂದs ಅದ," ಎಂದರು.

ಶರಣಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು, ಅಳುವೋ ನಗುವೋ ಗೊತ್ತಾಗುತ್ತಿರಲಿಲ್ಲ.

"ಅಂದ್ರ ಹೊಳಿ ವಿರುದ್ಧ ನಡದದ್ದು ಉಸುಕಲ್ಲ. ನಾನು."

"ನೀವೊಬ್ಬರೇ ಅಲ್ಲ ಸರ್. ಇಡೀ ಇಲಾಖೆ."

ಈರಬಸಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಮುಖ ಗಂಭೀರವಾಯಿತು. ಮುಂದಿನ ತಿಂಗಳು ಈ ಶೆಡ್ಡಿಗೆ ಬೇರೊಂದು ನದಿ ಬರುವುದಿತ್ತು. ಬಡಕೋಡಿಯನ್ನು ಒಡೆದು ಜಾಗ ಬಿಡಿಸಬೇಕಿತ್ತು. ಇಲಾಖೆಯವರೂ ಸಭೆಗೆ ಕಾಯುತ್ತಿದ್ದರು.

"ಗೋವಾ ಹೋಗ್ತದ ನೋಡು ತಂಗಿ."

"ಹೋಗಲಿ ಸರ್. ಗೋವಾ ಅಲ್ಲೇ ಇರ್ತದೆ. ಜೆಟ್ಟಿ ಒಮ್ಮೆ ಕಟ್ಟಿದರೆ ಎತ್ತಿ ಬೇರೆ ಕಡೆ ಇಡಲಿಕ್ಕೆ ಆಗುವುದಿಲ್ಲ."

ಅವರು ಚಪ್ಪಲಿ ಮೆಟ್ಟಿಕೊಂಡರು. "ಇಲಾಖೆಯವ್ರಿಗೆ ಫೋನ್ ಮಾಡ್ತೀನಿ. ಏನ್ ಹೇಳ್ಳಿ ಅವ್ರಿಗೆ? ನಿಮ್ಮ ಕಾಲ ಧೂಳಿನಿಂದ ಹೊಳಿ ಕೆಟ್ಟದ ಅನ್ಲೇನು?" ಶರಣಮ್ಮನ ಕಡೆ ತಿರುಗಿದರು. "ಮತ್ತ ನೀ ಯಾಕ ಅಳ್ತಿ? ಇಂಥಾ ರಂಗೋಲಿ ಹಾಕಾಕಿನ ಕೆಲಸದಿಂದ ಯಾರ ತಗೀತಾರ? ಒಂದು ಕೇಳು, ಬಣ್ಣ ಬೇಕಂದ್ರ ನನ್ನ ಕಡೆ ರೊಕ್ಕ ಇಸಕೊಂಡು ಪೇಟೆಯಿಂದ ತಾ. ಸ್ಟೋರಿಗೆ ಕೈ ಹಚ್ಚಬ್ಯಾಡ."

ಮರುದಿನದಿಂದ ಹೊಳೆ ತೊಳೆಯುವ ಕೆಲಸ. ಒಂದು ಕೇಸರಿ ಕಾಳೂ ಉಳಿಯಬಾರದು. ತಾಡಪತ್ರಿ ಇಳಿಬಿಟ್ಟ ಶೆಡ್ಡಿನಲ್ಲಿ ಹರಿಣಾಕ್ಷಿ ದೀಪ ಹಿಡಿದು ಮುಂದೆ, ಶರಣಮ್ಮ ಪೊರಕೆ ಮತ್ತು ಪೈಪು ಹಿಡಿದು ಹಿಂದೆ. ಹಳೆಯ ಮರಳನ್ನೆಲ್ಲ ಎತ್ತಿ ಹೊಸದು ಹಾಸಿದರು. "ನನ್ನ ಕೈಯಾರೆ ಹಾಕಿದ ನವಿಲು ನಾನs ಅಳಸಬೇಕಾತು," ಎಂದು ಶರಣಮ್ಮ ಗೊಣಗಿದಳು. "ಅದೂ ಎರಡೆರಡು ಸಲ." ಹೊಸ ಮರಳಿಗೆ ಯಾವ ಬಣ್ಣ ಎಂದು ಹರಿಣಾಕ್ಷಿ ಕೇಳಿದಾಗ, ಗಿಣಿ ಹಸಿರು ಎಂದವಳೂ ಅವಳೇ. ಆ ಬಣ್ಣ ತನ್ನ ಹತ್ತಿರ ಮನೆಯಲ್ಲಿ ಬೇಕಾದಷ್ಟಿದೆ, ಈ ಚೀಲದ ಆಸೆ ಹುಟ್ಟುವುದಿಲ್ಲ ಎಂಬುದು ಅವಳ ಲೆಕ್ಕ.

ಮತ್ತೆ ಕಬ್ಬಿಣದ ಬಾಗಿಲು ಆಡತೊಡಗಿತು. ಶೆಡ್ಡಿನಲ್ಲಿ ನೀರು ಏರಿತು, ಇಳಿಯಿತು. ಹರಿಣಾಕ್ಷಿ ಬೆಳಗಿನ ಇಡ್ಲಿಯನ್ನು ಬಸ್ಸಿನಲ್ಲೇ ತಿನ್ನತೊಡಗಿದಳು. ಕಾಂತಪ್ಪನವರು ಅವಳ ಡಬ್ಬಿಗೆ ಒಂದು ನೀರುದೋಸೆ ಹೆಚ್ಚು ಹಾಕುತ್ತಿದ್ದರು. ಪೃಥ್ವಿರಾಜನಿಗೆ ಅವಳು ಏನೂ ಹೇಳಿರಲಿಲ್ಲ. ಒಮ್ಮೆ ಆಸೆ ಹುಟ್ಟಿಸಿ ಮತ್ತೆ ಕಿತ್ತುಕೊಳ್ಳುವುದು ಅವಳಿಗೆ ಬೇಡವಾಗಿತ್ತು.

ನೀರು ಬಸಿದ ದಿನ ಮೂವರೂ ದಂಡೆಯಲ್ಲಿ ನಿಂತರು. ಅಳಿವೆಯ ಬಾಯಲ್ಲಿ ಹಸಿರು ದಟ್ಟವಾಗಿತ್ತು. ಅಲ್ಲಿಂದ ಅದು ಬೀಸಣಿಗೆಯಂತೆ ಹರಡಿ ಸಮುದ್ರದ ಕಡೆಗೆ ಹೋಗಿತ್ತು. ಒಳಗಡೆಗೆ ಒಂದು ತೆಳು ಎಳೆ ಮಾತ್ರ ಬಂದಿತ್ತು. ಹರಿಣಾಕ್ಷಿ ಹೊಳೆಗಿಳಿದು ಅದರ ಜಾಡು ಹಿಡಿದು ನಡೆದಳು. ಎಳೆ ಬಾಗಿನ ತುದಿ ಮುಟ್ಟಿ, ಅಲ್ಲೇ ಚೆದುರಿ, ಮುಗಿದಿತ್ತು. ಜೆಟ್ಟಿಯ ಗುರುತಿನ ಹತ್ತಿರ ದೀಪ ಹಿಡಿದಳು. ಒಂದೆರಡು ಕಾಳು, ಅಷ್ಟೇ.

"ಪೂರಾ ಸ್ವಚ್ಛ ಇಲ್ಲಲಾ," ಎಂದರು ಈರಬಸಪ್ಪ.

"ಇಲ್ಲ ಸರ್. ಕೆಲವು ಮಳೆಗಾಲಕ್ಕೊಮ್ಮೆ ಒಂದಿಷ್ಟು ಮರಳು ತೆಗೆಸಬೇಕಾಗ್ತದೆ. ಅದನ್ನೂ ಬರೀತೇನೆ. ಆದರೆ ಜೆಟ್ಟಿ ನಿಲ್ತದೆ."

"ಒಳಗ?"

"ಒಳಗೇ."

"ನಿಮ್ಮ ಅತ್ತಿ ಊರಂತ ಬರಿಯಾಕತ್ತಿಲ್ಲಲಾ ಮತ್ತ?"

"ನೀವೇ ಇಳಿದು ನೋಡಿ ಸರ್. ಕಾಲು ಚೆನ್ನಾಗಿ ಒರೆಸಿಕೊಂಡು."

ಶರಣಮ್ಮ ಪಕ್ಕನೆ ನಕ್ಕಳು. ಈರಬಸಪ್ಪನವರು ನಿಜವಾಗಿಯೂ ಟವೆಲಿನಿಂದ ಕಾಲು ಒರೆಸಿಕೊಂಡು ಇಳಿದರು, ದೀಪ ಇಸಿದುಕೊಂಡು ಒಂದೊಂದು ಮೂಲೆ ನೋಡಿದರು, ಮೇಲೆ ಬಂದು ತಲೆ ಆಡಿಸಿದರು. "ಹೇಳು ನಿಮ್ಮ ಮಂದಿಗೆ," ಎಂದರು.

ಅವಳ ಪಾದಗಳಿಗೆ ಇನ್ನೂ ಹಸಿ ಮರಳು ಅಂಟಿತ್ತು. ತೊಳೆಯಲು ನಲ್ಲಿಯ ಹತ್ತಿರ ಹೋದವಳು, ನೀರು ಬಿಡುವ ಮೊದಲೇ ಫೋನು ತೆಗೆದಳು. ಆ ಕಡೆ ದೋಣಿಯ ಇಂಜಿನ್ನಿನ ಸದ್ದು, ಹೆಂಗಸರ ಮಾತು, ಯಾರದೋ ಮಗುವಿನ ಅಳು.

"ಎಂತ ಮಾರಾಯ್ತಿ, ಇಷ್ಟು ದಿನ ಪತ್ತೆ ಇಲ್ಲ? ಸಮುದ್ರ ಸೋರಿ ಹೋಯಿತಾ?"

"ಭಾವ, ಇಂಜಿನ್ ನಿಲ್ಲಿಸು."

"ಹೊಳೆಯ ನಡುವೆ ಇದ್ದೇನೆ, ನಿಲ್ಲಿಸಿದರೆ ಇವರೆಲ್ಲ ನನ್ನನ್ನು ನೀರಿಗೆ ದೂಡ್ತಾರೆ! ಜೋರಾಗಿ ಹೇಳು."

"ಜೋರಾಗಿಯೇ ಹೇಳ್ತೇನೆ, ಅವರೂ ಕೇಳಲಿ. ನಾನು ಮೊದಲು ಹೇಳಿದ್ದು ತಪ್ಪು. ಯಾಕೆ ತಪ್ಪಾಯ್ತು ಅಂದರೆ ನೀನು ಒಂದು ವಾರ ನಗ್ತಿ, ನಮ್ಮ ಶರಣಮ್ಮ ಇದ್ದಾಳಲ್ಲ, ಅವಳು ಎರಡು ನವಿಲು..." ಶೆಡ್ಡಿನೊಳಗೆ ಪಂಪಿನ ಸದ್ದು ಅವಳ ಮಾತನ್ನು ನುಂಗುತ್ತಿತ್ತು. ಅವಳು ಇನ್ನೊಂದು ಕಿವಿಗೆ ಕೈ ಅಡ್ಡ ಹಿಡಿದು, ಚಪ್ಪಲಿ ಮೆಟ್ಟುವುದನ್ನು ಮರೆತು, ಬಾಗಿಲು ದಾಟಿ ಅಂಗಳದ ಬಿಸಿಲಿಗೆ ಇಳಿದಳು. "ಇಲ್ಲ, ನವಿಲು ಆಮೇಲೆ, ಮೊದಲು ಇದು ಕೇಳು, ಅತ್ತೆಗೆ ಹೇಳು, ಶಾಲೆಯ ಟೀಚರಿಗೂ ಹೇಳು, ಒಳಬಾಗಿನಲ್ಲಿ ಜೆಟ್ಟಿ ನಿಲ್ತದೆ!"